ಪಟ್ಟ ಸಿಕ್ಕಿತು, ನಿದ್ದೆ ಹೋಯಿತು

ಒಂದು ಕಿರೀಟ, ಒಂದು ಕೊಲೆ, ಎಷ್ಟು ತೊಳೆದರೂ ಹೋಗದ ಒಂದು ಕಲೆ. ನಾನೂರು ವರ್ಷಗಳ ಹಿಂದೆ ಲಂಡನ್ನಿನಲ್ಲಿ ಹುಟ್ಟಿದ ‘ಮ್ಯಾಕ್‌ಬೆತ್’ ಅಮೆರಿಕದ ಅಧ್ಯಕ್ಷರನ್ನು ಹಡಗಿನಲ್ಲಿ ಕಾಡಿತು, ಪ್ರಾಗ್ ನಗರದ ಮನೆಗಳ ಹಜಾರದಲ್ಲಿ ಗುಟ್ಟಾಗಿ ನಡೆಯಿತು, ಮೈಸೂರಿನ ಜೈಲಿನ ಕೈದಿಗಳ ಬಾಯಲ್ಲಿ ಕನ್ನಡವಾಯಿತು. ಅಧಿಕಾರಕ್ಕಾಗಿ ಕೈ ಕೆಂಪಾಗಿಸಿಕೊಂಡವರ ರಾತ್ರಿಗಳನ್ನು ಇಷ್ಟು ಹತ್ತಿರದಿಂದ ಕಂಡ ನಾಟಕ ಇನ್ನೊಂದಿಲ್ಲ.

1865ರ ಏಪ್ರಿಲ್ 9, ಭಾನುವಾರ. ‘ರಿವರ್ ಕ್ವೀನ್’ ಎಂಬ ಉಗಿಹಡಗು ಪೊಟೊಮ್ಯಾಕ್ ನದಿಯಲ್ಲಿ ವಾಷಿಂಗ್ಟನ್ ಕಡೆಗೆ ಸಾಗುತ್ತಿತ್ತು. ಯುದ್ಧಭೂಮಿಯ ಕಡೆಯಿಂದ ಮರಳುತ್ತಿದ್ದ ಅಬ್ರಹಾಂ ಲಿಂಕನ್ ಅವರ ಕೈಯಲ್ಲಿ ಶೇಕ್ಸ್‌ಪಿಯರ್ ನಾಟಕಗಳ ಸಂಪುಟವಿತ್ತು. ಗಂಟೆಗಟ್ಟಲೆ ಗಟ್ಟಿಯಾಗಿ ಓದಿದರು. ಹೆಚ್ಚು ಓದಿದ್ದು ‘ಮ್ಯಾಕ್‌ಬೆತ್’.

ಒಂದು ಕಡೆ ದನಿ ನಿಂತಿತು. ಡಂಕನ್ ದೊರೆಯನ್ನು ಕೊಂದು ಪಟ್ಟವೇರಿದ ಮ್ಯಾಕ್‌ಬೆತ್, ಗೋರಿಯೊಳಗಿರುವ ಅದೇ ಡಂಕನ್‌ನನ್ನು ನೆನೆದು ಹೊಟ್ಟೆಕಿಚ್ಚುಪಡುವ ಜಾಗ ಅದು. ಸತ್ತವನು ನೆಮ್ಮದಿಯಾಗಿ ಮಲಗಿದ್ದಾನೆ, ಅವನನ್ನು ಇನ್ನು ಯಾವ ದ್ರೋಹವೂ ಮುಟ್ಟಲಾರದು. ಕೊಂದವನಿಗೋ ರಾತ್ರಿಯಾದರೆ ಕೆಟ್ಟ ಕನಸು. ಲಿಂಕನ್ ಆ ಸ್ಥಿತಿ ಎಂಥದೆಂದು ಸುತ್ತಲಿದ್ದವರಿಗೆ ಬಿಡಿಸಿ ಹೇಳಿದರು. ಆಮೇಲೆ ಆ ಭಾಗವನ್ನೇ ಮತ್ತೊಮ್ಮೆ ಓದಿದರು. ಜೊತೆಗಿದ್ದ ಫ್ರಾನ್ಸಿನ ಅತಿಥಿ ಶಾಂಬ್ರೂನ್ ಇದನ್ನೆಲ್ಲ ಬರೆದಿಟ್ಟಿದ್ದಾರೆ.

ಅದೇ ದಿನ ವರ್ಜೀನಿಯಾದಲ್ಲಿ ದಕ್ಷಿಣದ ಸೇನಾಪತಿ ಲೀ ಶರಣಾಗಿದ್ದ. ಆರು ಲಕ್ಷಕ್ಕೂ ಹೆಚ್ಚು ಜೀವಗಳನ್ನು ನುಂಗಿದ ಅಂತರ್ಯುದ್ಧ ಮುಗಿಯುತ್ತ ಬಂದಿತ್ತು. ಐದು ದಿನ ಕಳೆದು, ಏಪ್ರಿಲ್ 14ರ ರಾತ್ರಿ, ನಾಟಕ ನೋಡುತ್ತ ಕುಳಿತಿದ್ದ ಲಿಂಕನ್ ತಲೆಗೆ ಗುಂಡು ಬಿತ್ತು. ಹಾರಿಸಿದವನು ಒಬ್ಬ ನಟ.

ಲಿಂಕನ್ ಯಾರ ಪಟ್ಟವನ್ನೂ ಕದ್ದವರಲ್ಲ. ಆದರೂ ಅವರು ನಿಂತದ್ದು ಕಿರೀಟದ ಮಾತಿನ ಬಳಿಯಲ್ಲ, ನಿದ್ದೆಯ ಮಾತಿನ ಬಳಿ. ನಾಲ್ಕು ವರ್ಷ ಸಾವಿನ ಪಟ್ಟಿಗಳನ್ನು ಓದಿದ ಮನುಷ್ಯನಿಗೆ ಈ ನಾಟಕದ ಜೀವ ಎಲ್ಲಿದೆಯೆಂದು ಯಾರೂ ಹೇಳಿಕೊಡಬೇಕಿರಲಿಲ್ಲ.

ಏಪ್ರಿಲ್ ಶೇಕ್ಸ್‌ಪಿಯರ್‌ನ ತಿಂಗಳು. 1564ರ ಏಪ್ರಿಲ್ 26ರಂದು ಅವನಿಗೆ ಚರ್ಚಿನಲ್ಲಿ ನಾಮಕರಣವಾಯಿತು. 1616ರ ಏಪ್ರಿಲ್ 23ರಂದು ತೀರಿಕೊಂಡ. ‘ಮ್ಯಾಕ್‌ಬೆತ್’ ನೋಡಿ ಬಂದು ಅದರ ಬಗ್ಗೆ ಬರೆದಿಟ್ಟ, ನಮಗೆ ಗೊತ್ತಿರುವ ಮೊದಲ ಪ್ರೇಕ್ಷಕ ಗ್ಲೋಬ್ ರಂಗಮಂದಿರಕ್ಕೆ ಹೋದದ್ದೂ 1611ರ ಏಪ್ರಿಲ್‌ನಲ್ಲೇ. ಅವನ ಹೆಸರು ಸೈಮನ್ ಫೋರ್ಮನ್, ಜ್ಯೋತಿಷಿ, ವೈದ್ಯ. ಅವನ ಟಿಪ್ಪಣಿಯಲ್ಲಿ ಉಳಿದಿರುವ ಚಿತ್ರಗಳು ಇವು: ಗಂಡಹೆಂಡಿರ ಕೈಯಿಂದ ತೊಳೆದರೂ ಹೋಗದ ರಕ್ತ, ಔತಣದ ಕುರ್ಚಿಯಲ್ಲಿ ಬಂದು ಕುಳಿತ ದೆವ್ವ, ರಾತ್ರಿ ನಿದ್ದೆಗಣ್ಣಲ್ಲಿ ಎದ್ದು ನಡೆದ ರಾಣಿ. ನೋಡಿದವರ ಮನಸ್ಸಿನಲ್ಲಿ ಅಂದು ನಿಂತದ್ದೂ ಇಂದು ನಿಲ್ಲುವುದೂ ಒಂದೇ.

ಮೂರು ಕೊಲೆ, ಮೂರು ದೂರ

ಕಥೆ ಚಿಕ್ಕದು. ಶೇಕ್ಸ್‌ಪಿಯರ್‌ನ ದುರಂತ ನಾಟಕಗಳಲ್ಲೇ ಇದು ಅತಿ ಚಿಕ್ಕದು. ‘ಹ್ಯಾಮ್ಲೆಟ್’ನ ಅರ್ಧದಷ್ಟು ಉದ್ದ, ಅಷ್ಟೆ. ಯುದ್ಧ ಗೆದ್ದು ಮರಳುತ್ತಿರುವ ಸ್ಕಾಟ್ಲೆಂಡಿನ ಸರದಾರ ಮ್ಯಾಕ್‌ಬೆತ್‌ಗೆ ಬಯಲಿನಲ್ಲಿ ಮೂವರು ಮಾಟಗಾತಿಯರು ಎದುರಾಗುತ್ತಾರೆ. ನೀನು ರಾಜನಾಗುತ್ತೀ ಎನ್ನುತ್ತಾರೆ. ಕೊಲ್ಲು ಎಂದು ಅವರು ಎಲ್ಲೂ ಹೇಳುವುದಿಲ್ಲ. ಆ ಮಾತು ಅವನೊಳಗಿನಿಂದಲೇ ಬರುತ್ತದೆ.

ಸ್ವಲ್ಪದರಲ್ಲೇ ಡಂಕನ್ ಅವನ ಕೋಟೆಗೆ ಬಂದು ತಂಗುತ್ತಾನೆ. ನೆಂಟ, ಒಡೆಯ, ಮನೆಗೆ ಬಂದ ಅತಿಥಿ, ಮೂರೂ ಒಬ್ಬನೇ. ಮೇಲಾಗಿ ಒಳ್ಳೆಯ ದೊರೆ. ಕೊಲ್ಲಬಾರದೆನ್ನಲು ಇರುವ ಕಾರಣಗಳನ್ನೆಲ್ಲ ಮ್ಯಾಕ್‌ಬೆತ್ ತಾನೇ ಒಂದೊಂದಾಗಿ ಎಣಿಸುತ್ತಾನೆ. ಕೊಲ್ಲಲು ಇರುವ ಕಾರಣ ಒಂದೇ, ಹಾರಿ ದಾಟಲು ಹೊರಟ ಆಸೆ. ಅವನು ಏನೂ ತಿಳಿಯದೆ ತಪ್ಪು ಮಾಡಿದವನಲ್ಲ. ಎಲ್ಲ ತಿಳಿದು ಮಾಡುತ್ತಾನೆ. ಇವನನ್ನು ಬರೀ ಖಳನೆಂದು ತಳ್ಳಿಹಾಕಲು ಆಗದಿರುವುದು ಇದಕ್ಕೇ; ನೋಡುವವರೂ ಅವನ ಜೊತೆ ಮೆಟ್ಟಿಲು ಹತ್ತುತ್ತಾರೆ.

ಕೊಲೆ ವೇದಿಕೆಯ ಮೇಲೆ ಕಾಣುವುದಿಲ್ಲ. ಕಾಣುವುದು ಅದರ ಮರುಗಳಿಗೆ. ರಕ್ತ ಮೆತ್ತಿದ ಕಠಾರಿಗಳನ್ನು ಅಲ್ಲೇ ಬಿಡುವ ಬದಲು ಕೈಯಲ್ಲೇ ಹಿಡಿದು ಬಂದಿದ್ದಾನೆ. ಪಕ್ಕದ ಕೋಣೆಯಲ್ಲಿ ಯಾರೋ ನಿದ್ದೆಯಿಂದ ಎಚ್ಚೆತ್ತು ದೇವರ ಹೆಸರು ಹೇಳಿದಾಗ ‘ಆಮೆನ್’ ಅನ್ನಲು ಹೋದನಂತೆ, ಗಂಟಲಲ್ಲಿ ಸಿಕ್ಕಿಕೊಂಡಿತಂತೆ. ಇನ್ನು ನಿನಗೆ ನಿದ್ದೆಯಿಲ್ಲ ಎಂದು ಯಾವುದೋ ದನಿ ಕೂಗಿತಂತೆ. ಯುದ್ಧದಲ್ಲಿ ನೂರಾರು ಜನರನ್ನು ಕಡಿದ ವೀರ, ಒಬ್ಬ ಮುದುಕನನ್ನು ಇರಿದು ಬಂದು ನಡುಗುತ್ತಿದ್ದಾನೆ. ಅಷ್ಟರಲ್ಲಿ ಕೋಟೆಯ ಬಾಗಿಲು ಬಡಿಯುವ ಸದ್ದು.

‘ಪಾಪಿ ಸಮುದ್ರ ಹೊಕ್ಕರೂ ಮೊಣಕಾಲುದ್ದ ನೀರು’ ಎಂದು ನಮ್ಮಲ್ಲಿ ಗಾದೆಯಿದೆ. ಮ್ಯಾಕ್‌ಬೆತ್‌ಗೂ ಕಡಲು ಸಾಲುವುದಿಲ್ಲ. ಕಡಲ ನೀರೆಲ್ಲ ಸೇರಿದರೂ ಈ ಕೈ ಶುದ್ಧವಾಗದು, ಕೈಯೇ ಕಡಲನ್ನು ಕೆಂಪಾಗಿಸೀತು ಎಂಬ ಭಯ ಅವನದು. ಹೆಂಡತಿಗೆ ಮಾತ್ರ ಒಂದಿಷ್ಟು ನೀರು ಸಾಕೆನಿಸುತ್ತದೆ. ಅವಳು ಕಠಾರಿಗಳನ್ನು ಕಿತ್ತುಕೊಂಡು ಹೋಗಿ ಕಾವಲುಗಾರರ ಬಳಿ ಇಟ್ಟು ಬರುತ್ತಾಳೆ.

ಎರಡನೆಯ ಕೊಲೆ ಗೆಳೆಯ ಬ್ಯಾಂಕೋನದು. ಈ ಬಾರಿ ಮ್ಯಾಕ್‌ಬೆತ್ ಕತ್ತಿ ಹಿಡಿಯುವುದಿಲ್ಲ; ಕೊಲೆಗಾರರನ್ನು ಗೊತ್ತುಮಾಡುತ್ತಾನೆ, ಹೆಂಡತಿಗೂ ಹೇಳುವುದಿಲ್ಲ. ಮೂರನೆಯದು ಇನ್ನೊಬ್ಬ ಸರದಾರ ಮ್ಯಾಕ್‌ಡಫ್‌ನ ಹೆಂಡತಿ, ಮಕ್ಕಳು, ಆಳುಕಾಳು. ಮ್ಯಾಕ್‌ಡಫ್ ಆಗಲೇ ಇಂಗ್ಲೆಂಡಿಗೆ ಓಡಿಹೋಗಿದ್ದಾನೆ. ಮಕ್ಕಳನ್ನು ಕೊಂದು ಸಿಗುವುದೇನೂ ಇಲ್ಲ. ದೂರದ ಕೋಟೆಗೆ ಒಂದು ಅಪ್ಪಣೆ ಹೋಗುತ್ತದೆ. ಮ್ಯಾಕ್‌ಬೆತ್ ಆ ಮಕ್ಕಳ ಮುಖವನ್ನೂ ನೋಡುವುದಿಲ್ಲ.

ಮೊದಲನೆಯದು ತನ್ನ ಕೈಯಿಂದ, ಎರಡನೆಯದು ಕೂಲಿಯವರಿಂದ, ಮೂರನೆಯದು ಬರೀ ಮಾತಿನಿಂದ. ರಕ್ತದಿಂದ ದೂರವಾದಷ್ಟೂ ಕೊಲ್ಲುವುದು ಸಲೀಸು. ಅಧಿಕಾರ ಒಬ್ಬ ಮನುಷ್ಯನೊಳಗೆ ಹೇಗೆ ಕೊಳೆಯುತ್ತದೆ ಎನ್ನುವುದನ್ನು ಯಾವ ಉಪದೇಶವೂ ಇಲ್ಲದೆ, ಕೊಲೆಗಳ ಈ ಅನುಕ್ರಮದಲ್ಲೇ ಶೇಕ್ಸ್‌ಪಿಯರ್ ತೋರಿಸಿಬಿಡುತ್ತಾನೆ.

ನಡುವೆ ಔತಣದ ದೃಶ್ಯ. ಬ್ಯಾಂಕೋನ ದೆವ್ವ ಬಂದು ರಾಜನ ಆಸನದಲ್ಲಿ ಕೂರುತ್ತದೆ, ಬೇರಾರಿಗೂ ಕಾಣುವುದಿಲ್ಲ. ಯಾರೂ ಯಾವ ಆರೋಪವನ್ನೂ ಮಾಡಿಲ್ಲ. ರಾಜನೇ ತುಂಬಿದ ಸಭೆಯಲ್ಲಿ ಖಾಲಿ ಕುರ್ಚಿಗೆ ಕೂಗಾಡುತ್ತಾನೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕಥೆ ನಮಗೆ ಗೊತ್ತು. ಮ್ಯಾಕ್‌ಬೆತ್ ಸಭೆಯಲ್ಲಿ ‘ಕಳ್ಳ’ ಎಂದು ಕೂಡ ಯಾರೂ ಅಂದಿರಲಿಲ್ಲ.

---

ಚರಿತ್ರೆಯ ಮ್ಯಾಕ್‌ಬೆತ್

• ಮ್ಯಾಕ್‌ಬೆತ್ ನಿಜವಾಗಿ ಬದುಕಿದ್ದ ದೊರೆ. 1040ರಿಂದ 1057ರವರೆಗೆ, 17 ವರ್ಷ ಸ್ಕಾಟ್ಲೆಂಡ್ ಆಳಿದ.

• ಚರಿತ್ರೆಯ ಡಂಕನ್ ಮುದುಕನಲ್ಲ, ಹಾಸಿಗೆಯಲ್ಲಿ ಸತ್ತವನೂ ಅಲ್ಲ. 1040ರ ಆಗಸ್ಟ್‌ನಲ್ಲಿ ಎಲ್ಗಿನ್ ಬಳಿ ಕಾಳಗದಲ್ಲಿ ಮಡಿದ.

• 1050ರಲ್ಲಿ ಮ್ಯಾಕ್‌ಬೆತ್ ರೋಮ್ ಯಾತ್ರೆ ಮಾಡಿ, ಬೀಜ ಎರಚಿದಂತೆ ಬಡವರಿಗೆ ಹಣ ಹಂಚಿದನೆಂಬ ದಾಖಲೆಯಿದೆ. ರಾಜ್ಯ ಬಿಟ್ಟು ಅಷ್ಟು ದೂರ ಹೋಗಿಬರುವಷ್ಟು ಅವನ ಪಟ್ಟ ಗಟ್ಟಿಯಾಗಿತ್ತು.

• ಅವನ ರಾಣಿಯ ಹೆಸರು ಗ್ರೂಖ್. ಆಕೆಯ ಮೊದಲ ಗಂಡನನ್ನು 1032ರಲ್ಲಿ ಐವತ್ತು ಜನರೊಂದಿಗೆ ಸುಟ್ಟು ಕೊಲ್ಲಲಾಗಿತ್ತು.

• ಬ್ಯಾಂಕೋ ಎಂಬವನು ಇರಲೇ ಇಲ್ಲ. 16ನೇ ಶತಮಾನದ ಚರಿತ್ರೆಕಾರ ಹೆಕ್ಟರ್ ಬೋಯ್ಸ್ ಸೃಷ್ಟಿಸಿದ ವ್ಯಕ್ತಿ ಅವನು.

---

ದೊರೆಯ ಎದುರು ದೊರೆಯ ಕೊಲೆ

ನಿಜದ ಮ್ಯಾಕ್‌ಬೆತ್ ಇಷ್ಟು ಬದಲಾದದ್ದೇಕೆ? ಒಂದು ಪಾಲು ಉತ್ತರ ಲಂಡನ್ನಿನ ಅರಮನೆಯಲ್ಲಿದೆ. 1603ರಲ್ಲಿ ಎಲಿಜಬೆತ್ ರಾಣಿ ತೀರಿಕೊಂಡ ಮೇಲೆ ಸ್ಕಾಟ್ಲೆಂಡಿನ ದೊರೆ ಜೇಮ್ಸ್ ಇಂಗ್ಲೆಂಡಿನ ದೊರೆಯೂ ಆದ. ಶೇಕ್ಸ್‌ಪಿಯರ್‌ನ ನಾಟಕ ಮಂಡಳಿಯನ್ನು ತನ್ನ ಆಶ್ರಯಕ್ಕೆ ತೆಗೆದುಕೊಂಡ. ಮಂಡಳಿ ‘ರಾಜನ ಮಂಡಳಿ’ಯಾಯಿತು. ಜೇಮ್ಸ್‌ಗೆ ಮಾಟಮಂತ್ರದ ಬಗ್ಗೆ ಭಯವೂ ಇತ್ತು, ಕುತೂಹಲವೂ ಇತ್ತು. 1597ರಲ್ಲಿ ಅದರ ಬಗ್ಗೆ ಒಂದು ಪುಸ್ತಕವನ್ನೇ ಬರೆದಿದ್ದ. ಮೇಲಾಗಿ ಅವನ ವಂಶಾವಳಿ ಬ್ಯಾಂಕೋನಿಂದ ಶುರುವಾಗುತ್ತದೆಂದು ಆಗಿನವರು ನಂಬಿದ್ದರು.

ಶೇಕ್ಸ್‌ಪಿಯರ್ ಆಧರಿಸಿದ್ದು ಹಾಲಿನ್‌ಶೆಡ್‌ನ ಚರಿತ್ರೆಯನ್ನು. ಅದರಲ್ಲಿ ಬ್ಯಾಂಕೋ ಕೂಡ ಕೊಲೆಗೆ ಶಾಮೀಲು. ನಾಟಕದಲ್ಲಿ ಅವನ ಕೈ ಶುದ್ಧ. ದೊರೆಯ ಮೂಲಪುರುಷನನ್ನು ಕೊಲೆಗಡುಕನಾಗಿ ತೋರಿಸುವ ಧೈರ್ಯ ಯಾವ ಮಂಡಳಿಗೂ ಇರಲಾರದು. ಅದೇ ಪುಸ್ತಕದಲ್ಲಿ ಮ್ಯಾಕ್‌ಬೆತ್ ಸುಮಾರು ಹತ್ತು ವರ್ಷ ನ್ಯಾಯವಾಗಿ ರಾಜ್ಯವಾಳುತ್ತಾನೆ. ಆ ಹತ್ತು ವರ್ಷಗಳನ್ನೂ ಶೇಕ್ಸ್‌ಪಿಯರ್ ಕತ್ತರಿಸಿ ಎಸೆದ. ಹೆಂಡತಿಯ ಕುಮ್ಮಕ್ಕಿನಿಂದ ಅತಿಥಿಯಾಗಿ ಬಂದ ರಾಜನನ್ನು ಕೋಟೆಯಲ್ಲೇ ಕೊಲ್ಲಿಸುವ ಪ್ರಸಂಗವನ್ನು ಬೇರೊಬ್ಬನ ಕಥೆಯಿಂದ, ಡಫ್ ದೊರೆಯನ್ನು ಕೊಲ್ಲಿಸಿದ ಡಾನ್‌ವಾಲ್ಡ್‌ನ ಕಥೆಯಿಂದ ತಂದು ಜೋಡಿಸಿದ.

ಕಾಲವೂ ಉರಿಯುತ್ತಿತ್ತು. 1605ರ ನವೆಂಬರ್ 5ರಂದು ಪಾರ್ಲಿಮೆಂಟಿನ ಕೆಳಗಿನ ನೆಲಮಾಳಿಗೆಯಲ್ಲಿ 36 ಪೀಪಾಯಿ ಮದ್ದಿನೊಂದಿಗೆ ಗೈ ಫಾಕ್ಸ್ ಸಿಕ್ಕಿಬಿದ್ದ. ರಾಜ, ಮಂತ್ರಿ, ಸಭಾಸದರೆಲ್ಲ ಒಂದೇ ಏಟಿಗೆ ಸಾಯಬೇಕಿತ್ತು. 1606ರಲ್ಲಿ ಇದೇ ಸಂಚಿನ ಸಂಬಂಧ ಪಾದ್ರಿ ಹೆನ್ರಿ ಗಾರ್ನೆಟ್‌ನ ವಿಚಾರಣೆ ನಡೆದು ಅವನನ್ನು ಗಲ್ಲಿಗೇರಿಸಲಾಯಿತು. ಸುಳ್ಳಾಡದೆ ಸತ್ಯ ಮರೆಸುವ ಅವನ ಇಬ್ಬಂದಿ ಮಾತು ಊರೆಲ್ಲ ಚರ್ಚೆಯಾಗಿತ್ತು. ಅಂಥ ದಿನಗಳಲ್ಲಿ ರಾಜನ ಕೊಲೆಯನ್ನು ರಾಜನ ಮಂಡಳಿಯೇ ಆಡಿತು. ಮಾಟಗಾತಿಯರ ಎರಡು ಅರ್ಥದ ಮಾತು, ಬಾಗಿಲು ಕಾಯುವ ಕುಡುಕನ ಬಾಯಲ್ಲಿ ಬರುವ ಇಬ್ಬಂದಿ ಮಾತಿನವನ ಪ್ರಸ್ತಾಪ ಅಂದಿನ ಪ್ರೇಕ್ಷಕರಿಗೆ ತಟ್ಟನೆ ನಾಟಿರಬೇಕು.

ದೊರೆಯನ್ನು ಮೆಚ್ಚಿಸಲು ಬರೆದ ನಾಟಕವೆಂದು ಇದನ್ನು ಕರೆಯುವವರಿದ್ದಾರೆ. ಮೆಚ್ಚಿಸಲು ಬರೆದಿದ್ದರೆ ಬ್ಯಾಂಕೋನ ವಂಶದ ಸಾಲು ತೋರಿಸಿ ಕೈಮುಗಿದಿದ್ದರೆ ಸಾಕಿತ್ತು. ಸಿಂಹಾಸನ ಕದ್ದವನ ತಲೆಯೊಳಗೆ ಪ್ರೇಕ್ಷಕರನ್ನು ಇಷ್ಟು ಹೊತ್ತು ಕೂಡಿಹಾಕುವ ಅಗತ್ಯವಿರಲಿಲ್ಲ.

ಕೆಳಗಿಟ್ಟ ಮೇಣದ ಬತ್ತಿ

ಗಂಡನನ್ನು ಕೊಲೆಗೆ ಹುರಿದುಂಬಿಸಿದವಳು ಲೇಡಿ ಮ್ಯಾಕ್‌ಬೆತ್. ತನ್ನೊಳಗಿನ ಹೆಣ್ತನವನ್ನೇ ಕಿತ್ತೊಗೆಯಿರಿ ಎಂದು ಕತ್ತಲ ಶಕ್ತಿಗಳನ್ನು ಬೇಡಿಕೊಂಡವಳು. ಆದರೆ ಕೊಲೆಯ ರಾತ್ರಿಯೇ ಅವಳ ಬಾಯಿಂದ ಒಂದು ಮಾತು ಜಾರುತ್ತದೆ: ಮಲಗಿದ್ದ ಡಂಕನ್ ತನ್ನ ಅಪ್ಪನ ಹಾಗೆ ಕಂಡ, ಇಲ್ಲದಿದ್ದರೆ ತಾನೇ ಇರಿಯುತ್ತಿದ್ದೆ ಎಂದು. ಅವಳು ಮುಂದೆ ಮುರಿದುಬೀಳುವುದು ಎಲ್ಲಿಂದ ಎನ್ನುವುದಕ್ಕೆ ಆ ಸಣ್ಣ ಬಿರುಕು ಸಾಕು.

ಈ ಪಾತ್ರದಲ್ಲಿ ಇಂಗ್ಲಿಷ್ ರಂಗಭೂಮಿ ಮರೆಯದ ಹೆಸರು ಸಾರಾ ಸಿಡನ್ಸ್. ಹರೆಯದಲ್ಲಿ ಒಂದು ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಅವರು ಈ ಪಾತ್ರದ ಮಾತು ಬಾಯಿಪಾಠ ಮಾಡಲು ಕೂತರು. ಕೊಲೆಯ ದೃಶ್ಯಕ್ಕೆ ಬರುವಷ್ಟರಲ್ಲಿ ಮೈ ನಡುಗಿತು. ಮೇಣದ ಬತ್ತಿ ಹಿಡಿದು ಮೆಟ್ಟಿಲೇರಿ ಓಡಿದರು. ತಾವು ಉಟ್ಟ ರೇಷ್ಮೆಯ ಸರಬರ ಸದ್ದಿಗೇ ಯಾರೋ ಬೆನ್ನಟ್ಟಿದಂತಾಯಿತೆಂದು ಅವರೇ ಬರೆದುಕೊಂಡಿದ್ದಾರೆ.

1785ರಲ್ಲಿ ಲಂಡನ್ನಿನ ಡ್ರೂರಿ ಲೇನ್ ರಂಗಮಂದಿರದಲ್ಲಿ ಅವರು ಈ ಪಾತ್ರಕ್ಕೆ ಸಿದ್ಧರಾಗಿ ಕೂತಿದ್ದಾಗ ಮಾಲೀಕ ಶೆರಿಡನ್ ಬಣ್ಣದ ಕೋಣೆಯ ಬಾಗಿಲಿಗೆ ಓಡಿ ಬಂದರು. ನಿದ್ದೆಯಲ್ಲಿ ನಡೆಯುವ ದೃಶ್ಯದಲ್ಲಿ ಸಿಡನ್ಸ್ ಮೇಣದ ಬತ್ತಿಯನ್ನು ಕೆಳಗಿಡಲಿದ್ದಾರೆಂಬ ಸುದ್ದಿ ಅವರ ಕಿವಿಗೆ ಬಿದ್ದಿತ್ತು. ಹಿಂದಿನ ಹೆಸರಾಂತ ನಟಿ ಬತ್ತಿಯನ್ನು ಕೈಬಿಟ್ಟಿರಲಿಲ್ಲ, ಜನ ಒಪ್ಪುವುದಿಲ್ಲ ಎಂದು ವಾದಿಸಿದರು. ಸಿಡನ್ಸ್ ಜಗ್ಗಲಿಲ್ಲ. ಕೈಯ ರಕ್ತವನ್ನು ಉಜ್ಜಿ ಉಜ್ಜಿ ತೊಳೆಯುವವಳಿಗೆ ಎರಡೂ ಕೈ ಬೇಕಲ್ಲವೇ? ಬತ್ತಿ ಕೆಳಗಿಟ್ಟರು. ಆಟ ಮುಗಿದ ಮೇಲೆ ಶೆರಿಡನ್ನೇ ಬಂದು ಅಭಿನಂದಿಸಿದರು. 1812ರ ಜೂನ್ 29ರಂದು ಸಿಡನ್ಸ್ ರಂಗಕ್ಕೆ ವಿದಾಯ ಹೇಳಿದ್ದೂ ಇದೇ ಪಾತ್ರದಿಂದ. ಆ ದೃಶ್ಯ ಮುಗಿದ ಮೇಲೆ ಜನ ನಾಟಕವನ್ನು ಮುಂದುವರಿಸಲು ಬಿಡಲಿಲ್ಲ.

ನಾಟಕದ ಒಳಗಿನ ಅದಲುಬದಲು ಇಲ್ಲಿದೆ. ಒಂದಿಷ್ಟು ನೀರು ಸಾಕೆಂದವಳು ಕೊನೆಗೆ ಇಲ್ಲದ ಕಲೆಯನ್ನು ತೊಳೆಯುತ್ತ ಸಾಯುತ್ತಾಳೆ. ಕಡಲೂ ಸಾಲದೆಂದವನು ಕಲ್ಲಾಗುತ್ತಾನೆ. ಹೆಂಗಸರ ಗೋಳಾಟ ಕೇಳಿದರೂ ಅವನಿಗೆ ಮೈ ಜುಮ್ಮೆನ್ನುವುದಿಲ್ಲ; ಭಯದ ರುಚಿಯೇ ಮರೆತುಹೋಗಿದೆ ಎನ್ನುತ್ತಾನೆ. ಹೆಂಡತಿ ಸತ್ತ ಸುದ್ದಿ ಬಂದಾಗ ಅಳಲೂ ಆಗುವುದಿಲ್ಲ. ಪಾಪಪ್ರಜ್ಞೆಯನ್ನು ಈ ನಾಟಕದ ಶಿಕ್ಷೆ ಎನ್ನುವುದು ವಾಡಿಕೆ. ಮತ್ತೆ ಮತ್ತೆ ಓದಿದಾಗ ಬೇರೆಯದೇ ಕಾಣುತ್ತದೆ. ನಡುಗುತ್ತಿದ್ದಷ್ಟು ದಿನ ಮ್ಯಾಕ್‌ಬೆತ್‌ನಲ್ಲಿ ಮನುಷ್ಯ ಉಳಿದಿದ್ದ. ಮ್ಯಾಕ್‌ಡಫ್‌ನ ಮಕ್ಕಳು ಸಾಯುವುದು ಆ ನಡುಕ ನಿಂತ ಮೇಲೆ.

---

ಕೈ ತೊಳೆದರೆ ಮನಸ್ಸು ಹಗುರವೇ?

2006ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಮನೋವಿಜ್ಞಾನಿಗಳಾದ ಚೆನ್ ಬೋ ಝಾಂಗ್ ಮತ್ತು ಕೇಟಿ ಲಿಲ್ಯೆನ್‌ಕ್ವಿಸ್ಟ್ ಒಂದು ಪ್ರಯೋಗ ಪ್ರಕಟಿಸಿದರು. ತಾವು ಮಾಡಿದ ತಪ್ಪನ್ನು ನೆನಪಿಸಿಕೊಂಡವರು, ಉಡುಗೊರೆಯಾಗಿ ಪೆನ್ಸಿಲ್ ಬದಲು ಕೈ ಒರೆಸುವ ಔಷಧಿ ಲೇಪಿತ ಕಾಗದವನ್ನು ಆರಿಸಿಕೊಂಡದ್ದು ಹೆಚ್ಚು. ಇದಕ್ಕೆ ‘ಮ್ಯಾಕ್‌ಬೆತ್ ಪರಿಣಾಮ’ ಎಂದು ಹೆಸರಾಯಿತು. ಆಮೇಲೆ ಅದೇ ಪ್ರಯೋಗವನ್ನು ಮಾಡಿ ನೋಡಿದ ಹಲವರಿಗೆ ಅದೇ ಫಲ ಸಿಗಲಿಲ್ಲ.

ಹೆಸರು ಹೇಳಬಾರದ ನಾಟಕ

ಇಂಗ್ಲಿಷ್ ನಟರು ರಂಗಮಂದಿರದೊಳಗೆ ‘ಮ್ಯಾಕ್‌ಬೆತ್’ ಎಂದು ಉಚ್ಚರಿಸುವುದಿಲ್ಲ, ‘ಆ ಸ್ಕಾಟ್ಲೆಂಡ್ ನಾಟಕ’ ಎನ್ನುತ್ತಾರೆ. ಬಾಯಿ ತಪ್ಪಿ ಹೇಳಿದವರು ಹೊರಗೆ ಹೋಗಿ ಮೂರು ಸುತ್ತು ತಿರುಗಿ ಉಗಿದು ಬರಬೇಕೆಂಬ ನಂಬಿಕೆಯಿದೆ. ಕೇಡು ನಿಜಕ್ಕೂ ಆದದ್ದುಂಟು: 1849ರ ಮೇ 10ರಂದು ನ್ಯೂಯಾರ್ಕಿನಲ್ಲಿ ಇಂಗ್ಲೆಂಡಿನ ನಟ ಮೆಕ್ರೆಡಿ ಈ ನಾಟಕ ಆಡುತ್ತಿದ್ದಾಗ, ಅಮೆರಿಕದ ನಟ ಫಾರೆಸ್ಟ್ ಅಭಿಮಾನಿಗಳ ಗಲಭೆಯಲ್ಲಿ ಸೈನಿಕರು ಗುಂಡು ಹಾರಿಸಿ 20ಕ್ಕೂ ಹೆಚ್ಚು ಜನ ಸತ್ತರು.

---

ಐದು ಜನ, ಒಂದು ಪೆಟ್ಟಿಗೆ

1970ರ ದಶಕದ ಕೊನೆಯ ಪ್ರಾಗ್. ‘ಚಾರ್ಟರ್ 77’ ಎಂಬ ಮಾನವ ಹಕ್ಕುಗಳ ಮನವಿಗೆ ಸಹಿ ಹಾಕಿದ ಬರಹಗಾರರು, ನಟರು ಕೆಲಸ ಕಳೆದುಕೊಂಡು ಪೊಲೀಸರ ಕಣ್ಗಾವಲಿನಲ್ಲಿದ್ದರು. ನಾಟಕಕಾರ ಪಾವೆಲ್ ಕೊಹೌಟ್ ಆಗ ‘ಮ್ಯಾಕ್‌ಬೆತ್’ ಅನ್ನು ಸುಮಾರು 75 ನಿಮಿಷಕ್ಕೆ ಇಳಿಸಿದರು. ರಂಗದಿಂದ ದೂರ ಇಡಲ್ಪಟ್ಟಿದ್ದ ಪಾವೆಲ್ ಲಾಂಡೋವ್ಸ್ಕಿ ಮತ್ತು ವ್ಲಾಸ್ತಾ ಖ್ರಾಮೊಸ್ತೋವಾ ಅದರ ಮುಖ್ಯ ನಟರು. ನಾಟಕ ಬೇಕಾದವರು ಗೆಳೆಯರನ್ನು ಮನೆಗೆ ಕರೆದು ಹೇಳಿ ಕಳಿಸಿದರಾಯಿತು. ಐದು ಜನ ಒಂದು ಪೆಟ್ಟಿಗೆ ಹಿಡಿದು ಬರುತ್ತಿದ್ದರು. ಹಜಾರವೇ ಡಂಕನ್‌ನ ಸ್ಕಾಟ್ಲೆಂಡ್. ಇಂಗ್ಲಿಷ್ ನಾಟಕಕಾರ ಟಾಮ್ ಸ್ಟಾಪರ್ಡ್ ಇದರಿಂದ ಪ್ರೇರಿತರಾಗಿ 1979ರಲ್ಲಿ ಒಂದು ನಾಟಕವನ್ನೇ ಬರೆದರು.

ಆ ಹಜಾರದಲ್ಲಿ ಬಾಗಿಲು ಬಡಿಯುವ ಸದ್ದಿಗೆ ಎರಡು ಅರ್ಥ. ನಾಟಕದೊಳಗಿನ ಬಡಿತ ಯಾವುದು, ಪೊಲೀಸರದು ಯಾವುದೆಂದು ಕೂತವರಿಗೆ ತಿಳಿಯುವುದಾದರೂ ಹೇಗೆ?

ದೇಶ ದೇಶಗಳಲ್ಲಿ ಈ ಕಥೆ ಹೀಗೆ ಅಲ್ಲಲ್ಲಿನ ಬೆಂಕಿ ಹೊತ್ತಿಸಿಕೊಂಡಿದೆ. 1957ರಲ್ಲಿ ಅಕಿರಾ ಕುರೊಸಾವಾ ತಮ್ಮ ಚಿತ್ರದಲ್ಲಿ ಇದನ್ನು ಜಪಾನಿನ ಸಮುರಾಯಿ ಕೋಟೆಗೆ ಒಯ್ದರು. 2003ರಲ್ಲಿ ವಿಶಾಲ್ ಭಾರದ್ವಾಜ್ ‘ಮಕ್ಬೂಲ್’ ಚಿತ್ರದಲ್ಲಿ ಮುಂಬೈನ ಭೂಗತ ಲೋಕಕ್ಕೆ ತಂದರು, ಮಾಟಗಾತಿಯರ ಜಾಗದಲ್ಲಿ ಓಂ ಪುರಿ, ನಾಸಿರುದ್ದೀನ್ ಷಾ ಇಬ್ಬರು ಭವಿಷ್ಯ ಹೇಳುವ ಪೊಲೀಸರಾದರು.

ಕನ್ನಡಕ್ಕೆ ನಡೆದು ಬಂದ ಕಾಡು

ಕನ್ನಡಕ್ಕೆ ಮ್ಯಾಕ್‌ಬೆತ್ ಬಂದು ನೂರಕ್ಕೂ ಹೆಚ್ಚು ವರ್ಷ. ಎಂ.ಎಲ್. ಶ್ರೀಕಂಠೇಶಗೌಡರು 1895ರಲ್ಲಿ ಇದನ್ನು ‘ಪ್ರತಾಪರುದ್ರದೇವ’ ಮಾಡಿ ಇಲ್ಲಿನ ಉಡುಪು ತೊಡಿಸಿದರು. 1936ರಲ್ಲಿ ಡಿ.ವಿ. ಗುಂಡಪ್ಪನವರು ಅನುವಾದಿಸಿದರು. ಮುಂದೆ ರಾಮಚಂದ್ರ ದೇವ ಅವರ ಅನುವಾದ ಬಂತು. ದಕ್ಷಿಣ ಕನ್ನಡದ ಬಾಬುಕೋಡಿಯಿಂದ ಹೊರಟು ಗುಬ್ಬಿ ಕಂಪನಿಯಲ್ಲಿ ಬಾಲನಟನಾಗಿ ಬೆಳೆದ ಬಿ.ವಿ. ಕಾರಂತರು, ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾಗಿದ್ದಾಗ 1979ರಲ್ಲಿ ರಘುವೀರ ಸಹಾಯ್ ಅವರ ಹಿಂದಿ ಅನುವಾದವನ್ನು ‘ಬರ್ನಮ್ ವನ’ವಾಗಿ ಯಕ್ಷಗಾನದ ಧಾಟಿಯಲ್ಲಿ ಆಡಿಸಿದರು. ಹೆಸರಿನಲ್ಲೇ ನೋಟ ಬದಲಾಗಿತ್ತು. ನಾಯಕನ ಹೆಸರು ಹೋಗಿ, ಅವನನ್ನು ಸುತ್ತುವರಿಯಲು ನಡೆದು ಬರುವ ಕಾಡಿನ ಹೆಸರು ಬಂದಿತ್ತು.

ನಮ್ಮದೇ ದೊಡ್ಡ ಅಧಿಕಾರದ ನಾಟಕವನ್ನು ಪಕ್ಕದಲ್ಲಿಟ್ಟು ನೋಡಬೇಕು. ಗಿರೀಶ ಕಾರ್ನಾಡರ ‘ತುಘಲಕ್’ 1964ರದು. ಅಲ್ಲಿನ ದೊರೆ ಕನಸುಗಾರ, ಕೊಲೆಗಾರ ಎರಡೂ. ರಾತ್ರಿಗಳನ್ನು ಎಚ್ಚರದಲ್ಲೇ ಕಳೆದ ಆ ಮನುಷ್ಯ ಕೊನೆಯ ದೃಶ್ಯದಲ್ಲಿ ಸಿಂಹಾಸನದಲ್ಲೇ ನಿದ್ದೆಹೋಗುತ್ತಾನೆ. ಬಾಂಗ್ ಕೂಗಿಗೆ ಎಚ್ಚೆತ್ತು, ತಾನೆಲ್ಲಿದ್ದೇನೆಂದು ತಿಳಿಯದೆ ಸುತ್ತ ನೋಡುತ್ತಾನೆ. ಮ್ಯಾಕ್‌ಬೆತ್‌ಗೆ ಆ ನಿದ್ದೆಯೂ ಸಿಗುವುದಿಲ್ಲ, ಕತ್ತಿ ಹಿಡಿದೇ ಸಾಯುತ್ತಾನೆ.

ಎಚ್.ಎಸ್. ಶಿವಪ್ರಕಾಶರು ಇದೇ ಕಥೆಯನ್ನು ‘ಮಾರನಾಯಕನ ದೃಷ್ಟಾಂತ’ವಾಗಿ ಕನ್ನಡದ ಮಣ್ಣಿಗೆ ಇಳಿಸಿದರು. ಅದು ಮುಟ್ಟಿದ ಜಾಗವನ್ನು ಮುಟ್ಟಿದ ಮ್ಯಾಕ್‌ಬೆತ್‌ಗಳು ಅಪರೂಪ. ರಂಗಾಯಣದ ನಟ ಹುಲುಗಪ್ಪ ಕಟ್ಟೀಮನಿ ಅವರು ಮೈಸೂರಿನ ಕೇಂದ್ರ ಕಾರಾಗೃಹದ ಕೈದಿಗಳಿಂದ ಅದನ್ನು ಆಡಿಸಿದರು. ನಟರಲ್ಲಿ ಕೊಲೆಗಾಗಿ ಜೀವಾವಧಿ ಶಿಕ್ಷೆ ಅನುಭವಿಸುತ್ತಿದ್ದವರಿದ್ದರು.

ಲಂಡನ್ನಿನಲ್ಲಾಗಲಿ ದೆಹಲಿಯಲ್ಲಾಗಲಿ ನಟನೊಬ್ಬ ಕೊಂದವನ ಕೈ ಹೇಗೆ ನಡುಗುತ್ತದೆಂದು ಊಹಿಸಿಕೊಳ್ಳಬೇಕು. ಇಲ್ಲಿ ಊಹೆಯ ಮಾತಿಲ್ಲ. ಒಡೆಯನನ್ನು ಕೊಂದು ಬಂದ ಮಾರನಾಯಕ ವೇದಿಕೆಯ ಮೇಲೆ ನಿಂತಾಗ ಅವನ ಕೈಗಳು ಏನನ್ನು ನೆನಪಿಸಿಕೊಳ್ಳುತ್ತಿದ್ದವು ಎನ್ನುವುದು ಆ ನಟನಿಗೆ ಗೊತ್ತು. ಕೆಳಗೆ ಕೂತ ಸಹಕೈದಿಗಳಿಗೂ ಗೊತ್ತು.